ಬೆಂಕಿ ಹತ್ತದ ಹಾಸಿಗೆ

ಮಾತ್ರೆಯನ್ನು ಬ್ಲೇಡಿನಿಂದ ಎರಡು ಮಾಡಿದೆ. ಒಂದು ಅರ್ಧ ಡಬ್ಬಿಗೆ ಹೋಯಿತು. ಇನ್ನೊಂದನ್ನು ಚಮಚದಲ್ಲಿಟ್ಟು, ಮೇಲೆ ಮತ್ತೊಂದು ಚಮಚದ ಬೆನ್ನನ್ನು ಒತ್ತಿ ಮೆಲ್ಲಗೆ ತಿರುಗಿಸಿದೆ. ಜೋರಾಗಿ ಒತ್ತಿದರೆ ಚೂರು ಸಿಡಿದು ನೆಲಕ್ಕೆ ಬೀಳುತ್ತದೆ; ಹಗುರಾಗಿ ಒತ್ತಿದರೆ ತರಿ ಉಳಿದು ಮಗುವಿನ ನಾಲಿಗೆಗೆ ಅಂಟಿಕೊಳ್ಳುತ್ತದೆ. ನುಣ್ಣಗಾದ ಮೇಲೆ, ಅತ್ತಿಗೆ ಬಟ್ಟಲಲ್ಲಿ ಹಿಂಡಿ ಇಟ್ಟಿದ್ದ ಎದೆಹಾಲಿನಿಂದ ಕೆಲವು ಹನಿ ಬಿಟ್ಟು ಕಲಸಿದೆ. ಅಡುಗೆಮನೆಯಲ್ಲಿ ನಾನೊಬ್ಬಳೇ. ಗೋಡೆಯಾಚೆ ಅತ್ತಿಗೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಾಯುತ್ತಿದ್ದಾರೆಂದು ನನಗೆ ಗೊತ್ತು. ಅವರು ನನ್ನನ್ನು ಕರೆಯುವುದಿಲ್ಲ. ಕೋಣೆಯ ಬಾಗಿಲ ಬಳಿ ಒಂದು ಸ್ಟೂಲಿದೆ. ಅದರ ಮೇಲೆ ಚಮಚವನ್ನಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಅತ್ತಿಗೆಯ ಕೈ ಹೊರಗೆ ಬಂತು, ಚಮಚ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಖಾಲಿ ಚಮಚ ಸ್ಟೂಲಿಗೆ ಮರಳಿತು.

ಮೂರು ತಿಂಗಳ ನನ್ನ ಸೋದರ ಸೊಸೆಗೂ ನನಗೂ ಈಗ ದಿನಕ್ಕೆ ಇಷ್ಟೇ ಒಡನಾಟ. ಆರು ವಾರದ ಹಿಂದಿನವರೆಗೂ ನನಗೆ ಬಿಡುವಾದಾಗಲೆಲ್ಲ ಅವಳು ನನ್ನ ಹೆಗಲ ಮೇಲೇ ಇರುತ್ತಿದ್ದಳು. ಮಾತ್ರೆ ಅರೆಯುವ ಕೆಲಸ ನನಗೆ ಉಳಿದದ್ದು ಬೇರೆ ಯಾರ ಕೈಯೂ ಅದಕ್ಕೆ ಒಗ್ಗದ್ದರಿಂದ. ಅಣ್ಣನ ಬೆರಳುಗಳು ದಪ್ಪ, ಅಮ್ಮನಿಗೆ ಕಣ್ಣು ಮಂಜು, ಅತ್ತಿಗೆ ಆ ಮಾತ್ರೆಯ ಡಬ್ಬಿ ಮುಟ್ಟಲೂ ಹೆದರುತ್ತಾರೆ.

ನಮ್ಮದು ಸೋಫಾ, ಸೀಟು ರಿಪೇರಿ ಮಾಡುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಅಪ್ಪ ತೀರಿಕೊಂಡಾಗ ನಾನು ಎಂಟನೇ ತರಗತಿ. ಯಾರೂ ಶಾಲೆ ಬಿಡಿಸಲಿಲ್ಲ. ಒಂದು ಸೋಮವಾರ ನಾನು ಹೋಗಲಿಲ್ಲ, ಯಾಕೆ ಹೋಗಲಿಲ್ಲವೆಂದು ಯಾರೂ ಕೇಳಲಿಲ್ಲ. ಅಂದಿನಿಂದ ಹಳೆಯ ಸೀಟುಗಳ ಪಿನ್ನು ಕೀಳುವುದು ನನ್ನ ಕೆಲಸ. ಒಂದು ಕುರ್ಚಿಯ ಬಟ್ಟೆ ಬಿಚ್ಚಬೇಕಾದರೆ ನೂರಕ್ಕೂ ಹೆಚ್ಚು ಪಿನ್ನುಗಳನ್ನು ಒಂದೊಂದಾಗಿ ಎಬ್ಬಿಸಬೇಕು. ಅದಕ್ಕೇ ಅಣ್ಣ ನನಗೆ ಪಿನ್ನಿ ಎಂದು ಹೆಸರಿಟ್ಟ. ನಿಜವಾದ ಹೆಸರಿಗೆ ಓಗೊಡುವುದು ಈಗ ನನಗೇ ಮರೆತುಹೋಗಿದೆ. ಬಟ್ಟೆ ಬಿಚ್ಚಿದ ಮೇಲೆ ಒಳಗಿನ ಸ್ಪಂಜನ್ನು ತೆಗೆಯುವುದೂ ನಾನೇ. ಹಳೆಯ ಸ್ಪಂಜು ಹಳದಿ ಪುಡಿಯಾಗಿ ಉದುರುತ್ತದೆ. ಕೂದಲಲ್ಲಿ, ಹುಬ್ಬಿನಲ್ಲಿ, ಉಗುರಿನ ಸಂದಿಯಲ್ಲಿ ಕೂರುತ್ತದೆ. ಗಟ್ಟಿಯಾಗಿ ಉಳಿದದ್ದನ್ನು ಅಮ್ಮ ಚೂರು ಮಾಡಿ ದಿಂಬಿಗೆ ತುಂಬುತ್ತಿದ್ದಳು. ಅತ್ತಿಗೆ ಕಿಟಕಿಯ ಪಕ್ಕ ಮಿಷನ್ ಹಾಕಿಕೊಂಡು ಕವರು ಹೊಲಿಯುತ್ತಿದ್ದರು.

ನಮ್ಮ ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಸ್ಪಂಜು, ಅಂಟು, ಮರದ ಹೊಟ್ಟು, ಮೂರೂ ಒಂದೇ ಕೋಣೆಯಲ್ಲಿ. ನಾನು ಚಿಕ್ಕವಳಿದ್ದಾಗ ಎದುರು ಸಾಲಿನ ಹಾಸಿಗೆ ಅಂಗಡಿ ಅರ್ಧ ಗಂಟೆಯಲ್ಲಿ ಕರಕಲಾದದ್ದನ್ನು ನಾವೆಲ್ಲ ನೋಡಿದ್ದೆವು. ಹಾಗಾಗಿ ಹಳೆಯ ಸ್ಪಂಜು ಬಂದಾಗಲೆಲ್ಲ ಅಣ್ಣನದೊಂದು ಪರೀಕ್ಷೆ ಇತ್ತು. ಉಗುರಿನಷ್ಟು ಚೂರು ಕಿತ್ತು, ಬೀದಿಗೆ ಒಯ್ದು, ಲೈಟರ್ ತಾಗಿಸುವುದು. ಭಗ್ಗೆಂದು ಹತ್ತಿ ತೊಟ್ಟಿಕ್ಕಿದರೆ, "ಇವನು ಕಳ್ಳ" ಎನ್ನುತ್ತಿದ್ದ. ಸ್ವಲ್ಪ ಕಪ್ಪಾಗಿ ತಾನೇ ಆರಿಹೋದರೆ, "ಇವನು ಮರ್ಯಾದಸ್ಥ." ಮೂಲೆಯಲ್ಲಿ ಎರಡು ರಾಶಿ ಇರುತ್ತಿದ್ದವು, ಕಳ್ಳರದ್ದೊಂದು, ಮರ್ಯಾದಸ್ಥರದ್ದೊಂದು. ಮನೆಯ ದಿಂಬು, ಕುರ್ಚಿ ಎಲ್ಲಕ್ಕೂ ಮರ್ಯಾದಸ್ಥರದ್ದೇ.

ಅತ್ತಿಗೆ ಎಂಟು ತಿಂಗಳ ಬಸುರಿಯಾಗಿದ್ದಾಗ, ಮುಚ್ಚಿಹೋಗಿದ್ದ ಒಂದು ಸಿನಿಮಾ ಮಂದಿರದ ಸೀಟುಗಳು ಲಾರಿಯಲ್ಲಿ ಬಂದವು. ಅವುಗಳ ಒಳಗೆ ಒಂದು ಗೇಣು ದಪ್ಪದ ಸ್ಪಂಜು. ಸೀಟಿನ ತಳದಲ್ಲಿ ಹೊಲಿದಿದ್ದ ಹರುಕು ಚೀಟಿಯನ್ನು ನಾನು ಅಕ್ಷರ ಕೂಡಿಸಿ ಓದಿದೆ: ಬೆಂಕಿ ನಿರೋಧಕ. ಬೀದಿಗೆ ಹೋಗಿ ಲೈಟರ್ ತಾಗಿಸಿದೆ. ಆರಿತು. ಮತ್ತೆ ತಾಗಿಸಿದೆ. ಮತ್ತೆ ಆರಿತು. ಇಂಥ ಒಳ್ಳೆಯ ಸ್ಪಂಜನ್ನು ನಾನು ಕಂಡೇ ಇರಲಿಲ್ಲ. ಎರಡು ತುಂಡನ್ನು ಜೋಡಿಸಿ, ಅಂಚು ಸವರಿ, ಬೆಣಚು ಕಲ್ಲಿನಂತೆ ದುಂಡಗೆ ಮಾಡುತ್ತ ಕುಳಿತಿದ್ದೆ.

"ಏನೇ ಪಿನ್ನಿ, ಸದ್ದಿಲ್ಲದೆ ಏನು ಸಂಚು ನಡೆಸಿದ್ದೀಯ?" ಅಣ್ಣ ಬಗ್ಗಿ ನೋಡಿದ.

"ಮಗೂಗೆ ಹಾಸಿಗೆ."

"ಯಾವ ಸ್ಪಂಜು?"

"ಮರ್ಯಾದಸ್ಥರದ್ದು."

"ಪರೀಕ್ಷೆ ಆಯ್ತಾ?"

"ಎರಡು ಸಲ."

ಅಣ್ಣ ಜೋರಾಗಿ ನಕ್ಕ. "ನೋಡಿದ್ಯೇನಮ್ಮಾ, ಹುಟ್ಟೋ ಮುಂಚೇನೇ ಅತ್ತೆ ಸೊಸೆಗೆ ಸಿನಿಮಾ ಸೀಟು ಹಿಡಿದಿಟ್ಟಿದ್ದಾಳೆ. ಬಾಲ್ಕನೀನೋ, ಮುಂದಿನ ಸಾಲೋ?"

"ಸುಮ್ನಿರೋ," ಎಂದಳು ಅಮ್ಮ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀಬಾರ್ದು ಅಂತಾರೆ. ಇವಳು ಹಾಸಿಗೇನೇ ಮಾಡ್ತಿದ್ದಾಳೆ, ನೀನು ಸೊಸೆ ಅಂತ ಬೇರೆ ತೀರ್ಮಾನ ಮಾಡ್ಬಿಟ್ಟೆ."

ಅತ್ತಿಗೆ ಮಿಷನ್ ನಿಲ್ಲಿಸಿ, "ಕೊಡೇ ಇಲ್ಲಿ" ಎಂದರು. ಅಂಗೈಯಿಂದ ಒತ್ತಿ ಒತ್ತಿ ನೋಡಿದರು. "ನನಗೇ ಮಲಗಬೇಕು ಅನ್ನಿಸ್ತಿದೆ ಕಣೇ" ಎಂದು, ಅದಕ್ಕೆ ತಾವೇ ಮೆತ್ತನೆಯ ಹತ್ತಿಬಟ್ಟೆಯ ಕವರು ಹೊಲಿದರು. ನಾನು ಮಾಡಿದ್ದನ್ನು ಯಾರೂ ಅಷ್ಟು ಹೊತ್ತು ಕೈಯಲ್ಲಿ ಹಿಡಿದು ನೋಡಿದ್ದಿಲ್ಲ.

ಮಗು ಹುಟ್ಟಿತು, ಹೆಣ್ಣೇ. ಮಾರನೇ ದಿನವೇ ಮನೆಗೆ ಕರೆತಂದೆವು. ಮೂರನೇ ದಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆಯಬೇಕು, ಕರೆದುಕೊಂಡು ಬನ್ನಿ ಎಂದು ಆಸ್ಪತ್ರೆಯವರು ಚೀಟಿ ಕೊಟ್ಟಿದ್ದರು. ಅಂದು ರಿಪೇರಿ ಮುಗಿದ ಸಿನಿಮಾ ಸೀಟುಗಳನ್ನು ಕೊಂಡವರಿಗೆ ತಲುಪಿಸುವ ದಿನ. ಅಣ್ಣ "ನಾಳೆ ಹೋಗೋಣ" ಎಂದ. ಚೀಟಿ ಚೀಲದ ತಳ ಸೇರಿತು.

ಇಷ್ಟು ಒಳ್ಳೆಯ ಮಗು ಬೀದಿಯಲ್ಲೇ ಇಲ್ಲ ಎಂದು ನೋಡಲು ಬಂದವರೆಲ್ಲ ಹೇಳಿದರು. ಅಳುವುದಿಲ್ಲ, ಹಟವಿಲ್ಲ, ಮಲಗಿಸಿದಲ್ಲೇ ಮಲಗಿರುತ್ತಾಳೆ. "ಎಲ್ಲ ಪಿನ್ನೀನೇ," ಎಂದು ಅಮ್ಮ ಸಂಭ್ರಮಪಡುತ್ತಿದ್ದಳು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಈ ಅತ್ತೆ ಸೊಸೆ ಇಬ್ಬರಿಗೂ ಒಂದೇ ಕಾಲ. ಬಾಯಿ ಬಿಡದ ಕಾಲ."

ಬಾಯಿ ಬಿಡದವರಿಗೆ ನೋಡುವುದಕ್ಕೆ ಸಮಯ ಹೆಚ್ಚು. ಎರಡನೇ ವಾರದಲ್ಲೇ ನಾನು ಕೆಲವನ್ನು ನೋಡಿದ್ದೆ. ಅವಳ ನಾಲಿಗೆಯ ತುದಿ ಯಾವಾಗಲೂ ತುಟಿಯ ಹೊರಗೆ ಇಣುಕುತ್ತಿತ್ತು. ಕಣ್ಣಿನ ಹಳದಿ ಇಳಿಯಲೇ ಇಲ್ಲ. ಎರಡು ಗುಟುಕು ಕುಡಿಯುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದಳು. ಅಪರೂಪಕ್ಕೆ ಅತ್ತರೆ ಒದ್ದೆ ಮರದಿಂದ ಪಿನ್ನು ಏಳುವ ಸದ್ದು. ಹೊಸ ಸ್ಪಂಜನ್ನು ಒತ್ತಿ ಬಿಟ್ಟರೆ ತಕ್ಷಣ ಎದ್ದು ಬರುತ್ತದೆ, ಹಳೆಯದು ತಡಮಾಡುತ್ತದೆ. ಅವಳ ಅಂಗೈಗೆ ನನ್ನ ಬೆರಳಿಟ್ಟರೆ ಹಿಡಿಯುವುದಕ್ಕೆ ಹಾಗೆ ತಡಮಾಡುತ್ತಿದ್ದಳು.

"ಅಮ್ಮಾ, ಇವಳು ಸ್ವಲ್ಪ ಹೆಚ್ಚೇ ಮಲಗ್ತಾಳಲ್ವಾ?" ಎಂದು ಒಮ್ಮೆ ಕೇಳಿದೆ.

"ಮಲಗಿರೋ ಮಗೂನ ಎಬ್ಬಿಸಿ ಅಳಿಸ್ಬೇಕಾ? ನೀನೂ ಹಾಗೇ ಇದ್ದೆ."

ನಾನು ಅಲ್ಲಿಗೇ ಬಿಟ್ಟೆ. ಸಂಕೋಚದಿಂದ ಮಾತ್ರವಲ್ಲ. ಈ ಮನೆಯಲ್ಲಿ ಕೊನೆಗೂ ನನ್ನ ಹಾಗಿರುವವರು ಒಬ್ಬರು ಬಂದರು ಎಂಬುದು ನನಗೆ ಹಿತವಾಗಿತ್ತು.

ಒಂದೂವರೆ ತಿಂಗಳಿಗೆ ಲಸಿಕೆ ಹಾಕಿಸಲು ಎಲ್ಲರೂ ಹೋದೆವು. ನರ್ಸಮ್ಮ ತೊಡೆಗೆ ಸೂಜಿ ಚುಚ್ಚಿದಳು. ಮಗು ಒಂದು ಸಲ ಕಿರ್ರೆಂದು ಸುಮ್ಮನಾಯಿತು.

"ಇದೇನಿದು, ಸೂಜಿ ಚುಚ್ಚಿದ್ದು ಇವಳಿಗಾ, ಗೋಡೆಗಾ?" ಎಂದು ನರ್ಸಮ್ಮ ನಕ್ಕಳು.

"ನಮ್ಮ ಮಗು ಅಳೋದೇ ಇಲ್ಲ. ಬಂಗಾರ" ಎಂದಳು ಅಮ್ಮ.

ನರ್ಸಮ್ಮನ ನಗು ನಿಂತಿತು. "ಯಾವತ್ತೂ ಅಳಲ್ವಾ?" ಅವಳು ಮಗುವಿನ ಬಾಯಿ ನೋಡಿದಳು, ಹೊಟ್ಟೆ ಮುಟ್ಟಿದಳು, ಹಿಮ್ಮಡಿ ರಕ್ತದ ಚೀಟಿ ಎಲ್ಲಿ ಎಂದು ಕೇಳಿದಳು. ಅಣ್ಣ ಚೀಲದೊಳಗೆ ಕೈ ಹಾಕಿ ತುಂಬ ಹೊತ್ತು ಹುಡುಕಿದ.

ಎರಡು ದಿನದ ಮೇಲೆ ಡಾಕ್ಟರಮ್ಮನ ಮುಂದೆ ಕುಳಿತಿದ್ದೆವು. "ಕತ್ತಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ," ಎಂದರು ಅವರು. "ಅದು ಮಾಡೋ ಹಾರ್ಮೋನು ಇಲ್ದೆ ಎಳೇ ಮಗೂನ ಮಿದುಳು ಸರಿಯಾಗಿ ಬೆಳೆಯಲ್ಲ. ಇವಳಲ್ಲಿ ಅದು ತುಂಬಾ ಕಡಿಮೆ. ಇವತ್ತಿಂದಲೇ ಮಾತ್ರೆ ಶುರು. ಒಂದು ದಿನಾನೂ ತಪ್ಪಿಸ್ಬಾರ್ದು. ಮೂರನೇ ದಿನ ಬಂದಿದ್ರೆ ಆಗಲೇ ಗೊತ್ತಾಗ್ತಿತ್ತು."

ಅಣ್ಣ ನೆಲ ನೋಡಿದ. ಡಾಕ್ಟರಮ್ಮ ಒಂದೊಂದಾಗಿ ಕೇಳಿ ಬರೆದುಕೊಳ್ಳತೊಡಗಿದರು. ಮನೆಯಲ್ಲಿ ಇನ್ಯಾರಿಗಾದರೂ ಥೈರಾಯ್ಡ್ ತೊಂದರೆ ಇದೆಯೇ? ನೀರು ಎಲ್ಲಿಯದು? ಹೊಕ್ಕುಳಿಗೆ ಏನಾದರೂ ಹಚ್ಚಿದ್ದಿರಾ? ನಿಮ್ಮ ಕೆಲಸ ಏನು? ಮಗು ಮಲಗುವುದು ಎಲ್ಲಿ, ಯಾವುದರ ಮೇಲೆ?

ಕೊನೆಯ ಪ್ರಶ್ನೆಗೆ ಎಲ್ಲರೂ ನನ್ನತ್ತ ನೋಡಿದರು. ಹೊರಗಿನವರೆದುರು ನಾನು ಬಾಯಿ ತೆರೆಯುವವಳಲ್ಲ. ಆದರೆ ಇದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಮನೆಯವರೆಲ್ಲ ತಲೆತಗ್ಗಿಸಿ ಕುಳಿತಿದ್ದಾಗ, ಸರಿಯಾಗಿ ಮಾಡಿದ ಒಂದಾದರೂ ಕೆಲಸವನ್ನು ಹೇಳಬೇಕೆನಿಸಿತು.

"ನಾನೇ ಮಾಡಿದ್ದು ಮೇಡಂ. ಸಿನಿಮಾ ಸೀಟಿನ ಸ್ಪಂಜು. ನೋಡಿ ಆರಿಸಿ ಹಾಕಿದ್ದೀನಿ. ಬೆಂಕಿ ಹಚ್ಚಿದ್ರೂ ಹತ್ತಲ್ಲ."

ಡಾಕ್ಟರಮ್ಮನ ಪೆನ್ನು ನಿಂತಿತು. "ಹಳೇದಾ? ಪುಡಿ ಉದುರುತ್ತಾ?"

"ಸ್ವಲ್ಪ."

"ಬೆಂಕಿ ಹತ್ತದ ಹಾಗೆ ಅದಕ್ಕೆ ಏನೋ ಬೆರೆಸಿರ್ತಾರಲ್ಲಮ್ಮ. ಹಳೇ ಸ್ಪಂಜಲ್ಲಿರೋ ಅಂಥ ಕೆಲವು ರಾಸಾಯನಿಕ ಧೂಳಿನ ಜೊತೆ ಹೊರಗೆ ಬರುತ್ತೆ. ಥೈರಾಯ್ಡ್ ಕೆಲಸಕ್ಕೆ ಅಡ್ಡ ಬರಬಹುದು ಅಂತ ಸಂದೇಹ ಇದೆ, ಸಂಶೋಧನೆ ನಡೀತಾನೇ ಇದೆ." ನನ್ನ ಮುಖ ನೋಡಿ ಅವರು ದನಿ ತಗ್ಗಿಸಿದರು. "ಇವಳಿಗೆ ಅದರಿಂದಲೇ ಹೀಗಾಯ್ತು ಅಂತ ನಾನು ಹೇಳ್ತಿಲ್ಲ. ಇಂಥ ಧೂಳೇ ಇಲ್ಲದ ಮನೆ ಮಕ್ಕಳಿಗೂ ಹುಟ್ಟುವಾಗಲೇ ಬರುತ್ತೆ. ಆದ್ರೂ ಆ ಹಾಸಿಗೆ ಬೇಡ. ಅಂಗಡಿ ಧೂಳೂ ಮಗೂನ ಹತ್ರ ಬೇಡ."

"ಹಾಗಾದ್ರೆ ಯಾವುದರಿಂದ ಬಂತು ಡಾಕ್ಟ್ರೇ?" ಎಂದ ಅಣ್ಣ.

"ಯಾವತ್ತೂ ಗೊತ್ತಾಗದೇ ಇರಬಹುದು. ಮೂರು ವರ್ಷ ತುಂಬಿದ ಮೇಲೆ ಮಾತ್ರೆ ಸ್ವಲ್ಪ ದಿನ ನಿಲ್ಲಿಸಿ ನೋಡ್ತೀವಿ. ಆಗ ಗ್ರಂಥಿ ತಾನೇ ಕೆಲಸ ಮಾಡಿದ್ರೆ ಸರಿ, ಇಲ್ದಿದ್ರೆ ಮಾತ್ರೆ ಮುಂದುವರಿಸೋದು." ಅವರು ಅತ್ತಿಗೆಯತ್ತ ತಿರುಗಿದರು. "ಬಸುರಿ ಇದ್ದಾಗ ನೀವೂ ಅಂಗಡೀಲೇ ಕೆಲಸ ಮಾಡ್ತಿದ್ರಾ?"

"ಎಂಟು ತಿಂಗಳವರೆಗೂ" ಎಂದರು ಅತ್ತಿಗೆ. ಉತ್ತರ ಕೊಟ್ಟದ್ದು ಡಾಕ್ಟರಮ್ಮನಿಗೆ, ನೋಡಿದ್ದು ನನ್ನನ್ನು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕೈಗೆ ಭಾರವಾದದ್ದೇನೋ ಬಂದು, ಎಲ್ಲಿ ಇಳಿಸಲಿ ಎಂದು ಜಾಗ ಹುಡುಕುವವರ ನೋಟ ಅದು.

ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಅಣ್ಣ ಹಾಸಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎಲ್ಲಿಗೋ ಒಯ್ದ. ಅಮ್ಮ ನೆಲ ತೊಳೆದಳು, ಪರದೆ ಒಗೆದಳು, ದಿಂಬುಗಳನ್ನೆಲ್ಲ ಹೊರಗೆ ಹಾಕಿದಳು. ಅಂಗಡಿಯಿಂದ ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಮಗುವನ್ನು ಮುಟ್ಟಬಾರದು ಎಂಬ ನಿಯಮವಾಯಿತು. ಅಣ್ಣ ಸ್ನಾನ ಮಾಡಿ ಬಂದು ಎತ್ತಿಕೊಳ್ಳುತ್ತಿದ್ದ. ನಾನೂ ಸ್ನಾನ ಮಾಡಿದೆ. ತಲೆಗೂ ನೀರು ಹಾಕಿಕೊಂಡೆ. ಬಾಗಿಲಲ್ಲಿ ನಿಂತರೆ ಅತ್ತಿಗೆ, "ಈಗ ತಾನೇ ಮಲಗಿದ್ದಾಳೆ ಕಣೇ" ಎನ್ನುತ್ತಿದ್ದರು. ಇನ್ನೊಮ್ಮೆ, "ಈಗಷ್ಟೇ ಹಾಲು ಕುಡಿದಳು, ಎತ್ತಿದ್ರೆ ಕಕ್ಕಿಬಿಡ್ತಾಳೆ." ಮತ್ತೊಮ್ಮೆ, "ಆಮೇಲೆ." ಇಣುಕಿ ನೋಡಿದರೆ ಮಗು ನಿಜವಾಗಿಯೂ ಮಲಗಿರುತ್ತಿತ್ತು, ತುಟಿಯಲ್ಲಿ ನಿಜವಾಗಿಯೂ ಹಾಲಿರುತ್ತಿತ್ತು. ಅವರು ಒಮ್ಮೆಯೂ ಸುಳ್ಳು ಹೇಳಲಿಲ್ಲ. ಹಾಗಾಗಿ ನಾನು ನೊಂದುಕೊಳ್ಳುವುದಕ್ಕೂ ಒಂದು ನೆಪ ಸಿಗಲಿಲ್ಲ.

ಅಣ್ಣ ಹಳೆಯ ಸ್ಪಂಜು ಇಟ್ಟುಕೊಳ್ಳುವುದನ್ನು ಬಿಟ್ಟ. ಮೂಲೆಯ ಎರಡು ರಾಶಿಯೂ ಹೋದವು. ಈಗ ನಾನು ಹೊಸ ಬಟ್ಟೆ ಕತ್ತರಿಸುತ್ತೇನೆ. ಕಿಟಕಿಯ ಪಕ್ಕದ ಮಿಷನ್ನಿಗೆ ಬಟ್ಟೆ ಹೊದಿಸಿದೆ. ಮಧ್ಯಾಹ್ನ ಅಣ್ಣ ಹೊರಗೆ ಹೋದಾಗ ಅಂಗಡಿಯಲ್ಲಿ ಕತ್ತರಿಯ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. ಆಗಾಗ ನನ್ನ ಕೈಯನ್ನೇ ಮೂಸಿ ನೋಡಿಕೊಳ್ಳುತ್ತೇನೆ. ಸೋಪಿನ ವಾಸನೆ ಮಾತ್ರ ಬರುತ್ತದೆ.

"ಅವಳಿಗೆ ನಿನ್ನ ಮೇಲೆ ಕೋಪ ಇಲ್ಲ ಕಣೇ," ಎಂದಳು ಅಮ್ಮ, ಒಂದು ದಿನ ಮೆಟ್ಟಿಲಲ್ಲಿ ನಿಲ್ಲಿಸಿ. "ಹೆದರಿಕೆ, ಅಷ್ಟೇ. ಎಂಟು ತಿಂಗಳು ಅಲ್ಲೇ ಕೂತು ಹೊಲಿದವಳು ಅವಳು. ಅದನ್ನ ನೆನೆಸ್ಕೊಳ್ಳೋಕೆ ಅವಳಿಗೆ ಆಗ್ತಿಲ್ಲ. ನೀನೇ ಹೋಗಿ ಕೇಳಬಾರ್ದಾ?"

"ಏನಂತ ಕೇಳ್ಲಿ?"

"ಮಗೂನ ಕೊಡಿ ಅಂತ. ಅದಕ್ಕೇನು ಅರ್ಜಿ ಬರೀಬೇಕಾ? ಬಾಯಿದ್ದವನು ಬರದಲ್ಲೂ ಬದುಕಿದ ಅಂತಾರೆ. ನೀನು ಸುಗ್ಗೀಲೇ ಉಪವಾಸ ಬೀಳ್ತೀಯ."

ಕೇಳಬಹುದಿತ್ತು. ಆದರೆ ಕೇಳದೆ ಇರುವವರೆಗೆ, ಬೇಡ ಎಂದು ಅವರು ಹೇಳಿದ ಹಾಗಾಗುವುದಿಲ್ಲವಲ್ಲ ಎಂದುಕೊಂಡು ದಿನ ತಳ್ಳಿದೆ.

ಮಾತ್ರೆ ಶುರುವಾದ ಮೂರನೇ ವಾರ, ಒಂದು ಮಧ್ಯಾಹ್ನ, ಮೇಲಿನಿಂದ ಅಳು ಕೇಳಿಸಿತು. ಕಿರ್ರೆನ್ನುವ ಅಳುವಲ್ಲ, ಎದೆ ತುಂಬಿ, ಉಸಿರೆಳೆದು, ಮತ್ತೆ ತುಂಬಿ ಬರುವ ಅಳು. ಅಣ್ಣನ ಕೈಯ ಸುತ್ತಿಗೆ ಹಾಗೇ ನಿಂತಿತು. ಸೋಫಾ ಬಟ್ಟೆ ಆರಿಸುತ್ತಿದ್ದ ಗಿರಾಕಿ ಕಿವಿ ಮುಚ್ಚಿಕೊಂಡ. "ಅಬ್ಬಾ, ಏನ್ರೀ ಇದು! ಮನೇಲಿ ಮಗು ಇದೆಯೋ, ಸೈರನ್ ಇದೆಯೋ?"

"ಅಳ್ಲಿ ಬಿಡಿ ಸಾರ್," ಎಂದ ಅಣ್ಣ. ಅವನ ಕಣ್ಣು ತುಂಬಿತ್ತು. "ಮಾತ್ರೆ ಅರೆದು ಅರೆದು ತರಿಸಿಕೊಂಡ ಅಳು ಅದು. ಹೊಟ್ಟೆ ತುಂಬಾ ಅಳ್ಲಿ."

ಅವನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ. ಅಮ್ಮ ನಗುವುದು ಕೇಳಿಸಿತು, ಅತ್ತಿಗೆಯೂ ನಕ್ಕರು. ನಾನು ಗಿರಾಕಿಗೆ ಬಟ್ಟೆಯ ಇನ್ನೊಂದು ಮಾದರಿ ತೋರಿಸಿದೆ. ಒಳ್ಳೆಯದಾಯಿತು, ಅವಳು ನನ್ನ ಹಾಗಲ್ಲ, ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹೇಳಿಕೊಂಡದ್ದು ನಿಜವೇ ಆಗಿತ್ತು. ಆದರೂ ಗಿರಾಕಿಗೆ ಅದೇ ಮಾದರಿಯನ್ನು ಎರಡು ಸಲ ತೋರಿಸಿದೆ.

ಮತ್ತೆ ರಕ್ತ ತೋರಿಸುವ ದಿನ ಅಣ್ಣನಿಗೆ ದೂರದ ಕೆಲಸ ಬಿತ್ತು, ಅಮ್ಮನಿಗೆ ಮಂಡಿನೋವು. "ಪಿನ್ನಿ ಬರ್ತಾಳೆ" ಎಂದು ಅಮ್ಮನೇ ತೀರ್ಮಾನಿಸಿದಳು. ಅತ್ತಿಗೆ ಮಗುವಿನ ಬಟ್ಟೆ ಮಡಚತೊಡಗಿದರು. ನಾನು ಸ್ನಾನ ಮಾಡಿ, ಅಂಗಡಿಗೆ ಒಮ್ಮೆಯೂ ಇಳಿಯದ ಬಟ್ಟೆ ಉಟ್ಟು, ಫೈಲು, ಫ್ಲಾಸ್ಕು, ಮಗುವಿನ ಬಟ್ಟೆಗಳ ಚೀಲ ಹೊತ್ತು ಹಿಂದೆ ಹಿಂದೆ ನಡೆದೆ. ಆಸ್ಪತ್ರೆಯಲ್ಲಿ ರಕ್ತ ತೆಗೆಯುವಾಗ ಮಗುವಿನ ಕಾಲು ಹಿಡಿಯಬೇಕಿತ್ತು. ನಾನು ಕೈ ಚಾಚುವಷ್ಟರಲ್ಲಿ ಅತ್ತಿಗೆ ಒಂದು ಕೈಯಿಂದ ಮಗುವನ್ನು, ಇನ್ನೊಂದರಿಂದ ಕಾಲನ್ನು ಹಿಡಿದಾಗಿತ್ತು. ಮಗು ಕಟ್ಟಡ ಹಾರಿಹೋಗುವಂತೆ ಕಿರುಚಿತು. "ಈಗ ನೋಡಿ, ಈಗ ಮಗು ಅಂದ್ರೆ ಮಗು!" ಎಂದಳು ಅದೇ ನರ್ಸಮ್ಮ.

ಗಂಟೆಗಟ್ಟಲೆ ಕಾದ ಮೇಲೆ ಡಾಕ್ಟರಮ್ಮ ವರದಿ ನೋಡಿ, ಹಾರ್ಮೋನು ಸರಿಯಾದ ಮಟ್ಟಕ್ಕೆ ಬರುತ್ತಿದೆ ಎಂದರು.

"ಬುದ್ಧಿಗೆ ಏನೂ ಆಗಲ್ವಾ?" ಅತ್ತಿಗೆಯ ದನಿ ಒಣಗಿತ್ತು.

"ಸ್ವಲ್ಪ ತಡ ಆಗಿದೆ, ತೀರಾ ತಡ ಅಲ್ಲ. ಚೆನ್ನಾಗಿ ಸ್ಪಂದಿಸ್ತಿದ್ದಾಳೆ. ಬೆಳೀತಾ ನೋಡ್ಕೊಂಡು ಹೋಗೋಣ."

ನೋಡಿಕೊಂಡು ಹೋಗೋಣ. ಅತ್ತಿಗೆ ಆ ಮಾತನ್ನು ಮಗುವಿನ ಜೊತೆಗೇ ಎತ್ತಿಕೊಂಡು ಎದ್ದರು.

ವಾಪಸು ಬರುವಾಗ ಬಸ್ಸು ಹೆಚ್ಚುಕಡಿಮೆ ಖಾಲಿ. ಹತ್ತಿದ ಕೂಡಲೇ ನನ್ನ ಕಣ್ಣು ಅಭ್ಯಾಸದಂತೆ ಸೀಟುಗಳ ಮೇಲೆ ಹೋಯಿತು. ರೆಕ್ಸಿನ್ ಹರಿದಿತ್ತು, ಸೀಳಿನಿಂದ ಹಳದಿ ಸ್ಪಂಜು ಇಣುಕುತ್ತಿತ್ತು. ಅದರ ಹಿಂದಿನದೂ ಹಾಗೇ. ಅತ್ತಿಗೆಯೂ ನೋಡಿದರು. ಬೆರಳಿನಿಂದ ಅಂಚನ್ನು ಮುಟ್ಟಿ, ಬೆರಳ ತುದಿಗೆ ಬಂದ ಪುಡಿ ನೋಡಿ, ಕರವಸ್ತ್ರದಲ್ಲಿ ಉಜ್ಜಿ ಉಜ್ಜಿ ಒರೆಸಿಕೊಂಡರು. ಆಮೇಲೆ ಕಂಬ ಹಿಡಿದು ನಿಂತರು.

"ಕೂತ್ಕೊಳ್ಳಮ್ಮಾ, ಇಡೀ ಬಸ್ಸು ನಿಮ್ದೇ" ಎಂದ ಕಂಡಕ್ಟರ್.

"ಪರವಾಗಿಲ್ಲ."

"ಮಗು ಎತ್ಕೊಂಡು ನಿಂತ್ರೆ ನಮ್ಮ ಡ್ರೈವರ್ ಬ್ರೇಕ್ ಹಾಕೋಕೂ ಯೋಚಿಸ್ತಾನೆ. ಕೂತ್ಕೊಳ್ಳಿ."

ಅತ್ತಿಗೆ ಕೂರಲಿಲ್ಲ. ನಾನೂ ಕೂರಲಿಲ್ಲ. ಬಸ್ಸು ಒಂದೊಂದು ತಿರುವಿನಲ್ಲಿ ವಾಲಿದಾಗಲೂ ಅವರ ಮೊಣಕೈ ಕಂಬಕ್ಕೆ ಬಡಿಯುತ್ತಿತ್ತು. ಬೆಳಗಿನಿಂದ ಮಗುವನ್ನು ಕೆಳಗಿಳಿಸದ ತೋಳು ಅದು. ಮಣಿಕಟ್ಟಿನಿಂದ ಭುಜದವರೆಗೂ ನಡುಗುತ್ತಿತ್ತು. ಮಗು ಎಚ್ಚರವಾಗಿತ್ತು. ಅವರ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು, ಹಿಂದೆಂದೂ ನೋಡದಷ್ಟು ನೆಟ್ಟಗೆ. ನನ್ನ ಎರಡು ಕೈಗಳೂ ಶುಚಿಯಾಗಿದ್ದವು. ಚೀಲವನ್ನು ಹೆಗಲಿಗೆ ಏರಿಸಿ ಅವೆರಡನ್ನೂ ಖಾಲಿ ಮಾಡಿಕೊಂಡೆ. ಮೂರು ನಿಲ್ದಾಣಗಳವರೆಗೆ ಮಾತನ್ನು ಬಾಯೊಳಗೇ ಜೋಡಿಸಿದೆ.

"ಅತ್ತಿಗೆ, ಮಗೂನ ಸ್ವಲ್ಪ ಹೊತ್ತು ನನ್ನ ಕೈಗೆ ಕೊಡ್ತೀರಾ?"

ಇಂಜಿನ್ನಿನ ಸದ್ದಿನಲ್ಲಿ ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ಇನ್ನಷ್ಟು ಹತ್ತಿರ ಸರಿದೆ. ಎರಡನೇ ಸಲ ನನ್ನ ದನಿ ಎಷ್ಟು ದೊಡ್ಡದಾಗಿ ಬಂತೆಂದರೆ ಕಂಡಕ್ಟರ್ ತಿರುಗಿದ, ಮುಂದಿನ ಸೀಟಿನ ಮುದುಕ ತಿರುಗಿದ. ಅತ್ತಿಗೆಯ ಕಣ್ಣು ಕಿಟಕಿಯ ಹೊರಗೆ, ಓಡುತ್ತಿದ್ದ ಗೋಡೆಗಳ ಮೇಲಿತ್ತು.

"ಅತ್ತಿಗೆ, ಮಗೂನ ನನ್ನ ಕೈಗೆ ಕೊಡಿ."

ಬಸ್ಸು ಮುಂದಿನ ನಿಲ್ದಾಣದಲ್ಲಿ ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಮತ್ತೆ ಹೊರಟಿತು. ಚಾಚಿದ ಕೈಗಳನ್ನು ನಾನು ಹಿಂದಕ್ಕೆಳೆದುಕೊಳ್ಳಲಿಲ್ಲ.